ಮಂಗನ ಕಾಯಿಲೆಯ ಲಸಿಕೆ: ಹಳೆಯದು ಎಲ್ಲಿ ಸೋತಿತು, ಹೊಸದಕ್ಕೆ ಏನು ಕೇಳಬೇಕು

ಡಿಸೆಂಬರ್ ಬಂತೆಂದರೆ ಮಲೆನಾಡಿನಲ್ಲಿ ದರಗು ಗುಡಿಸುವ ಕೆಲಸ ಶುರುವಾಗುತ್ತದೆ. ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ರಾಶಿ ಮಾಡಿ, ಬುಟ್ಟಿಗೆ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಮೊದಲು ಅದು ಕೊಟ್ಟಿಗೆಗೆ ಹಾಸು, ಆಮೇಲೆ ಅಡಿಕೆ ತೋಟಕ್ಕೆ ಗೊಬ್ಬರ. ಅದೇ ದರಗಿನಲ್ಲಿ, ಅದೇ ತಿಂಗಳುಗಳಲ್ಲಿ, ಉಣುಗಿನ ಮರಿಗಳೂ ಇರುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕವು. ಕಚ್ಚಿದ್ದೇ ಗೊತ್ತಾಗುವುದಿಲ್ಲ. ಸಂಜೆ ಸ್ನಾನಕ್ಕೆ ಹೋದಾಗ ಸೊಂಟದ ಹತ್ತಿರ ಕಪ್ಪು ಚುಕ್ಕೆಯ ಹಾಗೆ ಕೈಗೆ ಸಿಗುತ್ತವೆ. ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಹೆಚ್ಚಾಗಿ ಹೀಗೆ.

ನಾನು ಹೈಸ್ಕೂಲಿನಲ್ಲಿದ್ದಾಗ ಶಾಲೆಯ ಜಗಲಿಯಲ್ಲಿ ಇದರ ಲಸಿಕೆ ಹಾಕಿದ್ದರು. ನೋವು ಈಗಲೂ ನೆನಪಿದೆ. ರಾತ್ರಿ ತೋಳು ಕಲ್ಲಿನ ಹಾಗೆ ಗಟ್ಟಿಯಾಗಿ, ಮರುದಿನ ಬಾವಿಯಿಂದ ಒಂದು ಕೊಡ ನೀರು ಸೇದಲೂ ಆಗಲಿಲ್ಲ. ನನಗೆ ಅದು ಎರಡು ದಿನದ ರಜೆ. ಆದರೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಅದು ಎರಡು ದಿನದ ಕೂಲಿ. ತಿಂಗಳು ಕಳೆದು ಎರಡನೇ ಡೋಸ್ ಎಂದು ಜೀಪು ಬಂದಾಗ ಅವರು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಇಳಿದುಬಿಟ್ಟರು. ಆಗ ನಾವೆಲ್ಲ ನಕ್ಕಿದ್ದೆವು. ಈಗ ಲೆಕ್ಕ ಹಾಕಿದರೆ, ಆ ಲಸಿಕೆ ಯಾಕೆ ಸೋತಿತು ಎನ್ನುವುದಕ್ಕೆ ಅರ್ಧ ಉತ್ತರ ಆ ಹಿತ್ತಲ ಬಾಗಿಲಿನಲ್ಲೇ ಇತ್ತು.

2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಿದರು. ರಕ್ಷಣೆ ಸಾಲದು ಎನ್ನುವುದು ಕಾರಣ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸದೊಂದನ್ನು ತಯಾರಿಸುತ್ತಿದೆ. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು, ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. ಊರಿಗೆ ಹೋದಾಗಲೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ. ಕೊರೊನಾ ಲಸಿಕೆ ಒಂದು ವರ್ಷದಲ್ಲಿ ಬಂತು, ನಮ್ಮದು ಯಾಕೆ ಬರಲಿಲ್ಲ? ಮತ್ತೆ, ಇದೂ ಹಿಂದಿನದರ ಹಾಗೇ ಆದರೆ?

ಎರಡೂ ನ್ಯಾಯವಾದ ಪ್ರಶ್ನೆಗಳು. ಉತ್ತರ ಸ್ವಲ್ಪ ಉದ್ದ.

ಫಾರ್ಮಾಲಿನ್ ಮತ್ತು ವೈರಸ್

ಈ ರೋಗ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಬೀಳುತ್ತಿದ್ದರು. ಮಂಗ ಮತ್ತು ಮನುಷ್ಯ ಇಬ್ಬರೂ ಸಾಯುವುದನ್ನು ನೋಡಿ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂದು ವಿಜ್ಞಾನಿಗಳು ಮೊದಲು ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಹೊಸ ವೈರಸ್ ಎಂದು ಗೊತ್ತಾಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದಲೇ ಹರಡುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ.

ಸಂಬಂಧಿ ಅಂದಮೇಲೆ ಅದರ ಲಸಿಕೆ ಇದಕ್ಕೂ ನಡೆಯಬಹುದು ಅಲ್ವಾ? ಆಗಲೂ ಹಾಗೇ ಯೋಚಿಸಿದರು. ಇಲಿಯ ಮಿದುಳಿನಲ್ಲಿ ಬೆಳೆಸಿ ತಯಾರಿಸಿದ್ದ ಆ ರಷ್ಯನ್ ರೋಗದ ಲಸಿಕೆಯನ್ನು 1950ರ ದಶಕದ ಕೊನೆಯಲ್ಲಿ ಇಲ್ಲಿನ ಜನರಿಗೆ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಈ ಸೋಲಿನಲ್ಲಿ ಲಸಿಕೆಯ ಬಗ್ಗೆ ಒಂದು ದೊಡ್ಡ ವಿಷಯ ಅಡಗಿದೆ.

ವೈರಸ್ಸಿನ ಮೈ ಮೇಲೆ ಒಂದು ಬಗೆಯ ಪ್ರೋಟೀನ್ ಹೊದಿಕೆ ಇರುತ್ತದೆ. ನಮ್ಮ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ನುಗ್ಗುವುದು ಅದರ ಸಹಾಯದಿಂದಲೇ. ನಮ್ಮ ರಕ್ತದಲ್ಲಿ ತಯಾರಾಗುವ ಪ್ರತಿಕಾಯಗಳು ಆ ಪ್ರೋಟೀನಿನ ನಿರ್ದಿಷ್ಟ ತಾಣಕ್ಕೆ ಗಟ್ಟಿಯಾಗಿ ಕೂತುಬಿಟ್ಟರೆ ವೈರಸ್ ಒಳಗೆ ಹೋಗಲಾರದು. ಆದರೆ ಆ ಪ್ರತಿಕಾಯ ತಯಾರಿಸಲು ಮೈ ಒಮ್ಮೆ ಆ ಆಕಾರವನ್ನು ನೋಡಿರಬೇಕು. ರೋಗ ಬಂದರೆ ನೋಡುತ್ತದೆ, ಆದರೆ ಅಷ್ಟರಲ್ಲಿ ಹಾನಿ ಆಗಿರುತ್ತದೆ. ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಲಸಿಕೆ ಆ ಆಕಾರವನ್ನು ರೋಗವಿಲ್ಲದೆ ತೋರಿಸುತ್ತದೆ, ಅಷ್ಟೇ. ಸಂಬಂಧಿ ವೈರಸ್ಸಿನ ಆಕಾರ ಹತ್ತಿರಹತ್ತಿರ ಇದ್ದರೂ ಆ ತಾಣದಲ್ಲಿ ಸ್ವಲ್ಪ ಬೇರೆ ಇದ್ದರೆ ಪ್ರತಿಕಾಯ ಸಡಿಲವಾಗಿ ಕೂರುತ್ತದೆ, ಜಾರುತ್ತದೆ.

ಹಾಗಾಗಿ ನಮ್ಮದೇ ವೈರಸ್ಸಿನಿಂದ ಲಸಿಕೆ ಮಾಡಬೇಕಾಯಿತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಅದನ್ನು ಫಾರ್ಮಾಲಿನ್ ಹಾಕಿ ಸಾಯಿಸುವ ವಿಧಾನ. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಬಾಟಲಿಯೊಳಗೆ ಕಪ್ಪೆ, ಹಾವು ಇಟ್ಟಿರುತ್ತಾರಲ್ಲ, ಅದೇ ಫಾರ್ಮಾಲಿನ್. ಕಪ್ಪೆ ಸತ್ತಿರುತ್ತದೆ, ಆದರೆ ಆಕಾರ ಹಾಗೇ ಇರುತ್ತದೆ. ವೈರಸ್ಸಿಗೂ ಬೇಕಾಗಿರುವುದು ಇದೇ. ಅದು ಬೆಳೆಯಬಾರದು, ಆಕಾರ ಕೆಡಬಾರದು.

ಕೇಳಲು ಸುಲಭ, ಮಾಡಲು ಕಷ್ಟ. ಫಾರ್ಮಾಲಿನ್ ಜಾಸ್ತಿ ಆದರೆ ಹೊದಿಕೆಯ ಆಕಾರ ಕೆಡುತ್ತದೆ. ಆಗ ಮೈ ಕಲಿಯುವುದು ಇಲ್ಲದ ಆಕಾರವನ್ನು. ಕಡಿಮೆ ಆದರೆ ಕೆಲವು ವೈರಸ್ ಬದುಕಿ ಉಳಿಯುತ್ತವೆ. ಎರಡನೆಯದು ಎಷ್ಟು ಭಯಂಕರ ಎನ್ನುವುದನ್ನು ಅಮೆರಿಕ 1955ರಲ್ಲಿ ಕಂಡಿತು. ಆ ವರ್ಷ ಏಪ್ರಿಲ್ 12ರಂದು ಜೋನಾಸ್ ಸಾಕ್ ಅವರ ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಘೋಷಿಸಿದರು, ಅದೇ ದಿನ ಪರವಾನಗಿಯನ್ನೂ ಕೊಟ್ಟರು. ಅದೂ ಫಾರ್ಮಾಲಿನ್‌ನಿಂದ ಸಾಯಿಸಿದ ಲಸಿಕೆಯೇ. ಕಟ್ಟರ್ ಎಂಬ ಕಂಪನಿಯ ಕೆಲವು ಬ್ಯಾಚುಗಳಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ. ಸುಮಾರು 200 ಜನರಿಗೆ ಲಕ್ವ ಹೊಡೆಯಿತು, 10 ಜನ ಸತ್ತರು. ಸಾಕ್ ಅವರ ವಿಧಾನ ಸರಿಯಾಗಿಯೇ ಇತ್ತು, ಪ್ರಯೋಗವೂ ಸರಿಯಾಗಿತ್ತು. ಕೆಟ್ಟಿದ್ದು ಬ್ಯಾಚು. ಲಸಿಕೆಗೆ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಲದು, ಕಾರ್ಖಾನೆಯಿಂದ ಹೊರಬರುವ ಪ್ರತಿ ಬ್ಯಾಚನ್ನೂ ಪರೀಕ್ಷಿಸಬೇಕು ಎನ್ನುವ ಕಟ್ಟುನಿಟ್ಟು ಬಿಗಿಯಾದದ್ದು ಅಲ್ಲಿಂದ. ನಮ್ಮ ದೇಶದಲ್ಲಿ ಈ ಕೆಲಸ ಹಿಮಾಚಲದ ಕಸೌಲಿಯಲ್ಲಿರುವ ಕೇಂದ್ರ ಔಷಧ ಪ್ರಯೋಗಾಲಯದ್ದು.

ಸತ್ತ ವೈರಸ್ಸಿಗೆ ಎರಡು, ಮೂರು ಡೋಸ್ ಯಾಕೆ

ದಡಾರದ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದು ಮೈಯೊಳಗೆ ಸ್ವಲ್ಪ ದಿನ ಬೆಳೆಯುತ್ತದೆ, ಮೈ ಅಷ್ಟೂ ದಿನ ಎಚ್ಚರವಾಗಿರುತ್ತದೆ. ಹಾಗಾಗಿ ಒಂದೇ ಡೋಸಿಗೆ ಸುಮಾರು 93 ಶೇಕಡಾ ರಕ್ಷಣೆ, ಎರಡಕ್ಕೆ 97. ಸತ್ತ ವೈರಸ್ ಬೆಳೆಯುವುದಿಲ್ಲ. ಬಂತು, ಮೈ ನೋಡಿತು, ಗುಡಿಸಿ ಹಾಕಿತು. ಮೊದಲ ಡೋಸಿನಿಂದ ಬರುವ ಪ್ರತಿಕಾಯ ಕಡಿಮೆ, ಬೇಗ ಇಳಿಯುತ್ತದೆ ಕೂಡ. ಆದರೆ ನೆನಪಿನ ಕೋಶಗಳು ಉಳಿದಿರುತ್ತವೆ, ಮತ್ತು ಕೆಲವು ವಾರ ಅವು ಒಳಗೊಳಗೇ ಪಳಗುತ್ತಿರುತ್ತವೆ. ತಿಂಗಳು ಬಿಟ್ಟು ಅದೇ ಆಕಾರವನ್ನು ಮತ್ತೆ ತೋರಿಸಿದರೆ, ಈ ಸಲ ಪ್ರತಿಕಾಯ ಬೇಗ ಬರುತ್ತದೆ, ಜಾಸ್ತಿ ಬರುತ್ತದೆ, ಗಟ್ಟಿಯಾಗಿಯೂ ಕೂರುತ್ತದೆ. ಅಂದರೆ ಮೊದಲ ಡೋಸ್ ಬಿತ್ತನೆ ಇದ್ದ ಹಾಗೆ, ಪೈರು ಬರುವುದು ಎರಡನೆಯದರ ಮೇಲೆ. ಹಿತ್ತಲ ಬಾಗಿಲಿನಿಂದ ಇಳಿದು ಹೋದವರು ಲಸಿಕೆಯ ನೋವನ್ನು ಪೂರ್ತಿ ತಿಂದರು, ರಕ್ಷಣೆಯನ್ನು ಮಾತ್ರ ಬಿಟ್ಟುಹೋದರು.

ಸತ್ತ ವೈರಸ್ಸಿನ ಜೊತೆ ಮೈಯನ್ನು ಎಬ್ಬಿಸಲು ಒಂದು ಸಹಾಯಕ ವಸ್ತು ಸೇರಿಸುವುದೂ ಉಂಟು. ಇದನ್ನು ಅಡ್ಜುವೆಂಟ್ ಎನ್ನುತ್ತಾರೆ. ಅಲ್ಯೂಮಿನಿಯಂ ಲವಣ ಬಹಳ ಹಳೆಯ ಅಡ್ಜುವೆಂಟ್. ಕೋವ್ಯಾಕ್ಸಿನ್ ಕೂಡ ಸತ್ತ ವೈರಸ್ಸಿನದೇ ಲಸಿಕೆ, ಅದರಲ್ಲೂ ಅಡ್ಜುವೆಂಟ್ ಇದೆ. ಕೋವಿಶೀಲ್ಡ್‌ನದು ಬೇರೆ ದಾರಿ. ಚಿಂಪಾಂಜಿಗಳಲ್ಲಿ ನೆಗಡಿ ತರುವ ಒಂದು ವೈರಸ್ಸನ್ನು ಬೆಳೆಯದ ಹಾಗೆ ಮಾಡಿ, ಅದರೊಳಗೆ ಕೊರೊನಾ ಪ್ರೋಟೀನಿನ ಸೂಚನೆ ಇಟ್ಟು ಕಳಿಸುತ್ತಾರೆ. ಫೈಜರ್, ಮಾಡರ್ನಾದ್ದು ಎಂಆರ್‌ಎನ್‌ಎ, ಆ ಸೂಚನೆಯನ್ನೇ ಕೊಬ್ಬಿನ ಸಣ್ಣ ಗುಳ್ಳೆಯಲ್ಲಿ ಸುತ್ತಿ ಕೊಡುತ್ತಾರೆ. ದಾರಿ ಯಾವುದಾದರೂ ಕೊನೆಗೆ ಮೈ ನೋಡಬೇಕಾದ್ದು ಅದೇ ಆಕಾರ. ಮಂಗನ ಕಾಯಿಲೆಯ ಹೊಸ ಲಸಿಕೆಯವರು ಆಯ್ದುಕೊಂಡಿರುವುದು ಹಳೆಯ, ಪಳಗಿದ ದಾರಿ. ಸತ್ತ ವೈರಸ್, ಅಡ್ಜುವೆಂಟ್ ಜೊತೆ, 28 ದಿನದ ಅಂತರದಲ್ಲಿ ಎರಡು ಡೋಸ್.

93.5, 62.4, 77.8: ಈ ಅಂಕಿಗಳನ್ನು ಓದುವುದು ಹೇಗೆ

ಹಳೆಯ ಲಸಿಕೆಯ ಬಗ್ಗೆ ಎರಡು ಲೆಕ್ಕಗಳಿವೆ. 1990ರಿಂದ 92ರ ನಡುವೆ ರಾಜ್ಯದ ಮೂರು ಜಿಲ್ಲೆಗಳಲ್ಲಿ ನೋಡಿದಾಗ ಒಂದು ಡೋಸಿಗೆ 79.3 ಶೇಕಡಾ, ಎರಡು ಡೋಸಿಗೆ 93.5 ಶೇಕಡಾ ರಕ್ಷಣೆ ಎಂದು ಬಂತು. 2005ರಿಂದ 2010ರವರೆಗಿನ ದಾಖಲೆಗಳನ್ನು ತೆಗೆದು ನೋಡಿದಾಗ ಎರಡು ಡೋಸಿಗೆ 62.4, ಬೂಸ್ಟರ್ ಸೇರಿದರೆ 82.9. ಒಂದೇ ಲಸಿಕೆ, ಒಂದೇ ರಾಜ್ಯ. 93 ಇದ್ದದ್ದು 62ಕ್ಕೆ ಬಂದಿದ್ದು ಯಾಕೆ?

ಮೊದಲು ಶೇಕಡಾ ಅಂದರೆ ಏನು ನೋಡೋಣ. 62 ಶೇಕಡಾ ಎಂದರೆ ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ 38 ಜನರಿಗೆ ರೋಗ ಬರುತ್ತದೆ ಎಂದು ತುಂಬಾ ಜನ ಓದಿಕೊಳ್ಳುತ್ತಾರೆ. ಹಾಗಲ್ಲ. ಲಸಿಕೆ ಇಲ್ಲದಿದ್ದರೆ ನೂರು ಜನಕ್ಕೆ ರೋಗ ಬರುತ್ತಿದ್ದ ಕಡೆ, ಲಸಿಕೆ ಇದ್ದರೆ 38 ಜನಕ್ಕೆ ಬರುತ್ತದೆ ಎಂದರ್ಥ. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗವನ್ನೇ ತಗೊಳ್ಳಿ. 25,798 ಜನ ಸೇರಿದ್ದರು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಲಸಿಕೆಯಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಎಂದು ಹಾಕುವವರಿಗೂ ಗೊತ್ತಿಲ್ಲ, ಹಾಕಿಸಿಕೊಳ್ಳುವವರಿಗೂ ಗೊತ್ತಿಲ್ಲ. ಲೆಕ್ಕ ತೆಗೆಯುವ ಹೊತ್ತಿಗೆ ಒಟ್ಟು 130 ಜನರಿಗೆ ಲಕ್ಷಣ ಇರುವ ಕೋವಿಡ್ ಬಂದಿತ್ತು. ಅದರಲ್ಲಿ 24 ಜನ ಲಸಿಕೆಯವರು, 106 ಜನ ಲಸಿಕೆ ಇಲ್ಲದವರು. 77.8 ಶೇಕಡಾ ಹುಟ್ಟಿದ್ದು ಇಲ್ಲಿಂದ. ಇಪ್ಪತ್ತೈದು ಸಾವಿರ ಜನರನ್ನು ಸೇರಿಸಿದ ದೊಡ್ಡ ಪ್ರಯೋಗದ ತೀರ್ಪು ನಿಂತಿದ್ದು 130 ಜನರ ಜ್ವರದ ಮೇಲೆ. ಫೈಜರ್‌ನ 95 ಶೇಕಡಾ ನಿಂತಿದ್ದು 170 ಜನರ ಮೇಲೆ, ಲಸಿಕೆಯವರು 8, ಇಲ್ಲದವರು 162. ಈ ಸಣ್ಣ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

95 ದೊಡ್ಡದು, 77.8 ಚಿಕ್ಕದು, ಹಾಗಾಗಿ ಫೈಜರ್ ಮೇಲು ಎನ್ನಬಹುದೇ? ಆಗ ಎಲ್ಲರೂ ಹಾಗೇ ಅಂದರು, ನಾನೂ ಅಂದಿದ್ದೆ. ಆದರೆ ಫೈಜರ್ ಪ್ರಯೋಗ ನಡೆದದ್ದು 2020ರಲ್ಲಿ, ಹೊಸ ರೂಪಾಂತರಗಳು ಹರಡುವ ಮೊದಲು. ಕೋವ್ಯಾಕ್ಸಿನ್ ಪ್ರಯೋಗದ ಹೊತ್ತಿಗೆ ನಮ್ಮಲ್ಲಿ ಡೆಲ್ಟಾ ಬಂದಾಗಿತ್ತು. ಊರು ಬೇರೆ, ಕಾಲ ಬೇರೆ, ವೈರಸ್ ಬೇರೆ. ಒಂದೇ ಗದ್ದೆಯಲ್ಲಿ ಒಂದೇ ಮಳೆಗಾಲದಲ್ಲಿ ಬೆಳೆಯದ ಎರಡು ತಳಿಗಳ ಇಳುವರಿಯನ್ನು ಅಕ್ಕಪಕ್ಕ ಇಟ್ಟು ತೂಗುವುದಕ್ಕೆ ಆಗುತ್ತದೆಯೇ?

ಈಗ ನಮ್ಮ 93ಕ್ಕೂ 62ಕ್ಕೂ ಬನ್ನಿ. ಇವೆರಡೂ ಚೀಟಿ ಎತ್ತಿದ ಹಾಗೆ ಜನರನ್ನು ಹಂಚಿ ಮಾಡಿದ ಪ್ರಯೋಗಗಳಲ್ಲ. ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿದ ಲೆಕ್ಕಗಳು. ಇದರಲ್ಲಿ ಒಂದು ತೊಡಕಿದೆ. ದಿನಾ ದರಗಿಗೆ, ಸೌದೆಗೆ ಕಾಡಿಗೆ ಹೋಗುವವರೇ ಹೆದರಿ ಲಸಿಕೆ ಹಾಕಿಸಿಕೊಂಡರೆ, ಅಪಾಯ ಜಾಸ್ತಿ ಇರುವವರೆಲ್ಲ ಲಸಿಕೆಯ ಗುಂಪಿಗೆ ಸೇರಿ ಲಸಿಕೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಮನೆಯಲ್ಲೇ ಇರುವ, ಜಾಗರೂಕ ಜನರೇ ಹಾಕಿಸಿಕೊಂಡರೆ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಇನ್ನೊಂದು, ಆ 62.4 ಗಟ್ಟಿಯಾದ ಅಂಕಿ ಅಲ್ಲ. ಕೇಸುಗಳು ಕಡಿಮೆ ಇದ್ದದ್ದರಿಂದ ನಿಜವಾದ ಬೆಲೆ ಸುಮಾರು 26ರಿಂದ 81ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದು ಅದೇ ಅಧ್ಯಯನ ಹೇಳುತ್ತದೆ. 26 ಆದರೆ ಲಸಿಕೆ ನಿಷ್ಪ್ರಯೋಜಕದ ಹತ್ತಿರ, 81 ಆದರೆ ಒಳ್ಳೆಯ ಲಸಿಕೆ. ಇಷ್ಟು ಅಗಲದ ಅನುಮಾನ ಇಟ್ಟುಕೊಂಡು ಆ ಲಸಿಕೆಯನ್ನು ಇನ್ನೂ ಸುಮಾರು ಹತ್ತು ವರ್ಷ ಜನರಿಗೆ ಚುಚ್ಚಿದೆವು. ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲಿ.

ಹೋಲಿಸಬೇಕೆಂದರೆ ಆಸ್ಟ್ರಿಯಾದ ಜೊತೆ ಹೋಲಿಸಿ. ಅಲ್ಲಿಯೂ ಕಾಡು, ಅಲ್ಲಿಯೂ ಉಣುಗು, ಅಲ್ಲಿಯೂ ಅದೇ ಕುಟುಂಬದ ವೈರಸ್. ಅವರ ಲಸಿಕೆಯೂ ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ಸಾಯಿಸಿದ್ದೇ, ಅದಕ್ಕೆ ಅಲ್ಯೂಮಿನಿಯಂ ಅಡ್ಜುವೆಂಟ್ ಇದೆ. 1970ರ ದಶಕದ ಅವರ ಮೊದಲ ಲಸಿಕೆಯಿಂದ ಜ್ವರ, ನೋವು ಜಾಸ್ತಿ ಬರುತ್ತಿತ್ತು. ಜನ ದೂರಿದರು. ಅವರು ವೈರಸ್ಸನ್ನು ಇನ್ನಷ್ಟು ಶುದ್ಧ ಮಾಡಿದರು, ಲಸಿಕೆಯನ್ನು ತಿದ್ದಿದರು. 1980ರ ದಶಕದ ಆರಂಭದಲ್ಲಿ ದೇಶದ ತುಂಬಾ ಅಭಿಯಾನ ಮಾಡಿದರು. ವರ್ಷಕ್ಕೆ ನೂರಾರು ಇದ್ದ ಕೇಸುಗಳು ಕೆಲವೇ ದಶಕದಲ್ಲಿ ನೂರರ ಆಸುಪಾಸಿಗೆ ಇಳಿದವು. ಡೋಸುಗಳನ್ನು ಸರಿಯಾಗಿ ತಗೊಂಡವರಲ್ಲಿ ರಕ್ಷಣೆ 95 ಶೇಕಡಾಕ್ಕೂ ಮೇಲೆ. ಮೂರು ಡೋಸ್ ಆದಮೇಲೆ ಬೂಸ್ಟರ್ ಬೇಕಾಗುವುದು ಮೂರು ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೊಮ್ಮೆ.

ನಮ್ಮದರಲ್ಲಿ? ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಊರಿನಲ್ಲಿ ಕೊನೆಯ ಕೇಸ್ ಕಂಡು ಐದು ವರ್ಷ ಆಗುವವರೆಗೆ ವರ್ಷ ವರ್ಷವೂ ಒಂದು. ಆರರಿಂದ 65 ವರ್ಷದೊಳಗಿನ ಎಲ್ಲರಿಗೂ. ಪ್ರತಿ ಸಲವೂ ಆ ನೋವು. ದಶಕಗಳ ಕಾಲ ಅದು ಹೆಚ್ಚುಕಡಿಮೆ ಅದೇ ಲಸಿಕೆಯಾಗಿ ಉಳಿಯಿತು. ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. ವಿಜ್ಞಾನ ಎರಡೂ ಕಡೆ ಒಂದೇ. ಅಲ್ಲಿ ಜನರ ನೋವನ್ನು ಲಸಿಕೆಯ ತಪ್ಪು ಎಂದು ತಿಳಿದು ತಿದ್ದಿದರು, ಇಲ್ಲಿ ಜನರ ಹಟ ಎಂದು ತಿಳಿದು ಮತ್ತೆ ಜೀಪು ಕಳಿಸಿದರು. ನನ್ನ ಮಟ್ಟಿಗೆ ಇಡೀ ಕತೆ ಇದೇ.

ವೇಳೆಯ ಮಾತೂ ಒಂದಿದೆ. ಮಂಗ ಸತ್ತ ಅಥವಾ ಕೇಸ್ ಕಂಡ ಜಾಗದ ಸುತ್ತ ಐದು ಕಿಲೋಮೀಟರ್ ಒಳಗೆ ಲಸಿಕೆ ಹಾಕುವುದು ನಿಯಮವಾಗಿತ್ತು. ಜನವರಿ ಮಧ್ಯದಲ್ಲಿ ಮಂಗ ಸತ್ತಿತು ಎಂದುಕೊಳ್ಳಿ. ಪರೀಕ್ಷೆ ಆಗಿ, ಜನ ಸೇರಿ, ಮೊದಲ ಡೋಸ್ ಬೀಳುವಾಗ ಫೆಬ್ರವರಿ. ಎರಡನೆಯದು ಮಾರ್ಚ್. ಪ್ರತಿಕಾಯ ಏರುವಾಗ ಏಪ್ರಿಲ್. ಮೊದಲ ಮಳೆ ಬೀಳುವ ಹೊತ್ತಿಗೆ ಕಾಯಿಲೆಯ ಕಾಲವೇ ಮುಗಿಯುತ್ತಾ ಬಂದಿರುತ್ತದೆ. ಅಷ್ಟರಲ್ಲಿ ಹಾಕಿಸಿಕೊಂಡವರಲ್ಲೇ ಕೆಲವರಿಗೆ ಕಾಯಿಲೆ ಬಂದು, 'ಲಸಿಕೆ ಹಾಕಿಸಿಕೊಂಡರೂ ಬಂತು' ಎನ್ನುವ ಮಾತು ಊರೂರಿಗೆ ಹಬ್ಬುತ್ತದೆ. ಹೊಸ ಲಸಿಕೆ ಎಷ್ಟೇ ಒಳ್ಳೆಯದಿರಲಿ, ಮಳೆಗಾಲ ಮುಗಿಯುವ ಮೊದಲೇ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಎರಡೂ ಡೋಸ್ ಮುಗಿಸದಿದ್ದರೆ ಇದೇ ಮತ್ತೆ ಆಗುತ್ತದೆ.

ಒಪ್ಪಿಗೆಯ ದಾರಿ, ಮತ್ತು ಕೇಸುಗಳೇ ಸಾಲದ ಕಷ್ಟ

ನಮ್ಮಲ್ಲಿ ಲಸಿಕೆಗೆ ಒಪ್ಪಿಗೆ ಕೊಡುವುದು ದೆಹಲಿಯ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ. ಅದರ ಮುಖ್ಯಸ್ಥರು ಔಷಧ ಮಹಾನಿಯಂತ್ರಕರು, ಟಿವಿಯಲ್ಲಿ ಡಿಸಿಜಿಐ ಎಂದು ಕೇಳಿರುತ್ತೀರಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ದಾರಿ ಹೀಗಿದೆ. ಮೊದಲು ಪ್ರಾಣಿಗಳು. ಲಸಿಕೆ ಕೊಟ್ಟು, ಆಮೇಲೆ ನಿಜವಾದ ವೈರಸ್ ಕೊಟ್ಟು, ಬದುಕುತ್ತವೆಯೇ ನೋಡುತ್ತಾರೆ. ಮಂಗನ ಕಾಯಿಲೆಯ ವೈರಸ್ ಎಷ್ಟು ಅಪಾಯಕಾರಿ ಎಂದರೆ ಇದನ್ನು ಎಲ್ಲೆಂದರಲ್ಲಿ ಮಾಡುವ ಹಾಗಿಲ್ಲ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಅತಿ ಭದ್ರ ಪ್ರಯೋಗಾಲಯವೇ ಬೇಕು. ತಡವಾಗಲು ಅದೂ ಒಂದು ಕಾರಣ. ಆಮೇಲೆ ಮೊದಲ ಹಂತ. ಆರೋಗ್ಯವಂತ ವಯಸ್ಕರು, ಕೆಲವು ಹತ್ತು ಜನ. ಸುರಕ್ಷಿತವೇ ಎನ್ನುವುದಷ್ಟೇ ಮುಖ್ಯ ಪ್ರಶ್ನೆ. ಎರಡನೇ ಹಂತದಲ್ಲಿ ಕೆಲವು ನೂರು ಜನ, ಪ್ರಮಾಣ ಎಷ್ಟು, ಪ್ರತಿಕಾಯ ಎಷ್ಟು ಬರುತ್ತದೆ. ಮೂರನೇ ಹಂತದಲ್ಲಿ ಸಾವಿರಾರು ಜನ, ರೋಗವನ್ನು ನಿಜವಾಗಿ ತಡೆಯುತ್ತದೆಯೇ. ಪ್ರತಿ ಹಂತದಲ್ಲೂ ನೈತಿಕ ಸಮಿತಿ ನೋಡುತ್ತದೆ, ವಿಷಯ ತಜ್ಞರ ಸಮಿತಿ ಅಂಕಿಗಳನ್ನು ಕೆದಕುತ್ತದೆ.

ಕೋವಿಡ್‌ನಲ್ಲಿ ಈ ಹಂತಗಳನ್ನು ಒಂದರ ಮೇಲೊಂದು ಹೇರಿ ಓಡಿಸಿದರು. ಹಣ ಇತ್ತು, ಕಂಪನಿಗಳಿಗೆ ಮಾರುಕಟ್ಟೆ ಇತ್ತು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಊರ ತುಂಬಾ ರೋಗ ಇತ್ತು. 130 ಕೇಸ್ ಸೇರಲು ಕೆಲವೇ ತಿಂಗಳು ಸಾಕಾಯಿತು. ಅಷ್ಟಾದರೂ ಒಂದು ಎಡವಟ್ಟಾಯಿತು. 2021ರ ಜನವರಿ 3ರಂದು ಕೋವಿಶೀಲ್ಡ್ ಜೊತೆಗೇ ಕೋವ್ಯಾಕ್ಸಿನ್‌ಗೂ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು, ಆದರೆ ಕೋವ್ಯಾಕ್ಸಿನ್‌ನ ಮೂರನೇ ಹಂತದ ಫಲಿತಾಂಶ ಆಗ ಇರಲೇ ಇಲ್ಲ. ಕ್ಲಿನಿಕಲ್ ಟ್ರಯಲ್ ಮೋಡ್ ಎಂಬ, ಯಾರಿಗೂ ಸರಿಯಾಗಿ ಅರ್ಥವಾಗದ ಷರತ್ತು ಹಾಕಿದರು. ಕೊನೆಗೆ ಅಂಕಿಗಳು ಒಳ್ಳೆಯದೇ ಬಂದವು, ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಆದರೂ ಅಂಕಿಗಿಂತ ಮೊದಲು ಒಪ್ಪಿಗೆ ಕೊಟ್ಟಿದ್ದರಿಂದ ಹುಟ್ಟಿದ ಅನುಮಾನ ಸುಮ್ನೆ ಹೋಗಲಿಲ್ಲ. ಆ ಮೊದಲ ವಾರಗಳಲ್ಲಿ ಡಾಕ್ಟರುಗಳೇ ಯಾವ ಲಸಿಕೆ ಎಂದು ಕೇಳಿ ಹಿಂದೆ ಸರಿದದ್ದು ನೆನಪಿದೆ ಅಲ್ವಾ?

ಮಂಗನ ಕಾಯಿಲೆಯ ಕಷ್ಟ ಇದಕ್ಕೆ ತಿರುವುಮುರುವು. ಇಲ್ಲಿ ಕೇಸುಗಳೇ ಕಡಿಮೆ. ವರ್ಷಕ್ಕೆ ಕೆಲವು ನೂರು, ಅದೂ ಒಂದು ವರ್ಷ ಅರಳಗೋಡಿನಲ್ಲಿ, ಇನ್ನೊಂದು ವರ್ಷ ಬೇರೆಲ್ಲೋ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಂಡಿದೆ. ಮುಂದಿನ ಡಿಸೆಂಬರ್‌ನಲ್ಲಿ ಯಾವ ಊರು ಎಂದು ಯಾರೂ ಹೇಳಲಾರರು. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಅಪಾಯ ಇರುವ ಜಾಗದಲ್ಲಿ ಒಂದು ಸೀಸನ್ನಿಗೆ ಸಾವಿರಕ್ಕೆ ಒಬ್ಬರಿಗೆ ರೋಗ ಬರುತ್ತದೆ ಎಂದುಕೊಳ್ಳಿ. ಕೋವ್ಯಾಕ್ಸಿನ್ ಪ್ರಯೋಗದ ಹಾಗೆ ಲಸಿಕೆ ಇಲ್ಲದ ಗುಂಪಿನಲ್ಲಿ 106 ಕೇಸ್ ಕಾಣಬೇಕೆಂದರೆ ಆ ಗುಂಪಿನಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನ ಬೇಕು. ಲಸಿಕೆಯ ಗುಂಪಿನಲ್ಲಿ ಇನ್ನೊಂದು ಲಕ್ಷ. ಹತ್ತು ಸಾವಿರ, ಹತ್ತು ಸಾವಿರ ಇಟ್ಟರೆ ಹತ್ತು ಕೇಸ್ ಒಂದು ಕಡೆ, ಎರಡೋ ಮೂರೋ ಇನ್ನೊಂದು ಕಡೆ. ಅಷ್ಟರ ಮೇಲೆ ತೀರ್ಪು ಕೊಟ್ಟರೆ ಅದೇ 26ರಿಂದ 81ರ ಅನುಮಾನಕ್ಕೆ ವಾಪಸ್ ಬರುತ್ತೇವೆ.

ಇಂಥ ರೋಗಗಳಿಗೆ ನಿಯಂತ್ರಕರು ಇನ್ನೊಂದು ದಾರಿ ಇಟ್ಟುಕೊಂಡಿದ್ದಾರೆ. ರೋಗ ತಡೆಯಿತೇ ಎಂದು ಕಾಯುವ ಬದಲು ಪ್ರತಿಕಾಯ ಎಷ್ಟು ಬಂತು ಎಂದು ನೋಡಿ, ಪ್ರಾಣಿಗಳಲ್ಲಿ ಎಷ್ಟು ಪ್ರತಿಕಾಯ ಇದ್ದವು ಬದುಕಿದವು ಎನ್ನುವುದರ ಜೊತೆ ಹೋಲಿಸಿ, ಮುಂದೆ ಜನರ ಮೇಲೆ ನಿಗಾ ಇಡುವ ಷರತ್ತಿನೊಂದಿಗೆ ಒಪ್ಪಿಗೆ ಕೊಡುವುದು. ನಮ್ಮ 2019ರ ನಿಯಮಗಳಲ್ಲೂ ಬೇರೆ ಚಿಕಿತ್ಸೆ ಇಲ್ಲದ ಗಂಭೀರ ರೋಗಗಳಿಗೆ ಹೀಗೆ ಬೇಗ ಒಪ್ಪಿಗೆ ಕೊಡಲು ಅವಕಾಶ ಇದೆ. ನನ್ನ ಅಂದಾಜಿನಲ್ಲಿ ಹೊಸ ಲಸಿಕೆ ಇದೇ ದಾರಿಯಲ್ಲಿ ಬರುವ ಸಾಧ್ಯತೆ ಜಾಸ್ತಿ, ಮತ್ತು ಬೇರೆ ದಾರಿ ಕಾಣುವುದೂ ಇಲ್ಲ.

ಆದರೆ ಈ ದಾರಿಯಲ್ಲಿ ಆ ಷರತ್ತೇ ಜೀವಾಳ. ಅಮೆರಿಕ 2023ರ ನವೆಂಬರ್‌ನಲ್ಲಿ ಇಕ್ಸ್‌ಚಿಕ್ ಎಂಬ ಚಿಕೂನ್‌ಗುನ್ಯಾ ಲಸಿಕೆಗೆ ಹೀಗೇ, ಪ್ರತಿಕಾಯದ ಅಂಕಿ ನೋಡಿ ಒಪ್ಪಿಗೆ ಕೊಟ್ಟಿತು. ಹಾಕಿಸಿಕೊಂಡವರಲ್ಲಿ ಸುಮಾರು 99 ಶೇಕಡಾ ಜನರಿಗೆ ಬೇಕಾದಷ್ಟು ಪ್ರತಿಕಾಯ ಬಂದಿತ್ತು. ಆದರೆ ಬಳಕೆಗೆ ಬಂದಮೇಲೆ, ಮುಖ್ಯವಾಗಿ ವಯಸ್ಸಾದವರಲ್ಲಿ, ಗಂಭೀರ ತೊಂದರೆಗಳು ಕಂಡವು. 2025ರ ಆಗಸ್ಟ್‌ನಲ್ಲಿ ಅಲ್ಲಿ ಪರವಾನಗಿಯನ್ನು ಅಮಾನತು ಮಾಡಿದರು. ಅದು ಜೀವಂತ ವೈರಸ್ಸಿನ ಲಸಿಕೆ, ನಮ್ಮದು ಸತ್ತದ್ದು, ಅದೇ ತೊಂದರೆ ಇಲ್ಲಿ ಬರುತ್ತದೆ ಎಂದಲ್ಲ. ಕೋವಿಶೀಲ್ಡ್‌ನ ಬಗೆಯ ಲಸಿಕೆಯಿಂದ ಆಗುವ ಅಪರೂಪದ ರಕ್ತ ಹೆಪ್ಪುಗಟ್ಟುವಿಕೆ ಗೊತ್ತಾದದ್ದೂ 2021ರ ಮಾರ್ಚ್‌ನಲ್ಲಿ, ಯುರೋಪಿನಲ್ಲಿ ಲಕ್ಷಾಂತರ ಜನರಿಗೆ ಹಾಕಿದ ಮೇಲೆ. ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಆಗುವುದು ಮೂವತ್ತು ಸಾವಿರ ಜನರ ಪ್ರಯೋಗದಲ್ಲಿ ಕಾಣಲಾರದು. ಎರಡೂ ಕಡೆ ತೊಂದರೆ ಬೆಳಕಿಗೆ ಬಂದದ್ದು ಯಾರೋ ದಿನಾ ಲೆಕ್ಕ ಬರೆದುಕೊಳ್ಳುತ್ತಿದ್ದದ್ದರಿಂದ.

ಹಾಗಾಗಿ ಹೊಸ ಲಸಿಕೆ ಬಂದಾಗ ನಾವು, ಅಂದರೆ ಮಲೆನಾಡಿನವರು, ಕೇಳಬೇಕಾದದ್ದು 'ಎಷ್ಟು ಶೇಕಡಾ' ಎಂದಲ್ಲ. ಪ್ರತಿಕಾಯ ಎಷ್ಟು ತಿಂಗಳು ಉಳಿಯುತ್ತದೆ? ಇತ್ತೀಚೆಗೆ ಶಿವಮೊಗ್ಗದಲ್ಲಿ, ಉತ್ತರ ಕನ್ನಡದಲ್ಲಿ ಸಿಕ್ಕ ವೈರಸ್ಸುಗಳ ವಿರುದ್ಧ ಅದನ್ನು ನೋಡಿದ್ದೀರಾ, ಅಥವಾ ಹಳೆಯ ವೈರಸ್ಸಿನ ವಿರುದ್ಧ ಮಾತ್ರವೇ? ಪ್ರತಿ ಬ್ಯಾಚಿನ ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ನೋಡಲು ಸಿಗುತ್ತದೆಯೇ? ಒಪ್ಪಿಗೆ ಸಿಕ್ಕ ಮೇಲೆ ಯಾರಿಗೆ ಎಷ್ಟು ಡೋಸ್ ಆಯಿತು, ಅವರಲ್ಲಿ ಯಾರಿಗೆ ರೋಗ ಬಂತು ಎನ್ನುವ ಲೆಕ್ಕವನ್ನು ಯಾರು ಇಡುತ್ತಾರೆ, ಯಾವ ವರ್ಷ ಹೊರಗಿಡುತ್ತಾರೆ? ತೋಳು ನೋಯಿಸಿಕೊಂಡು ಮನೆಯಲ್ಲಿ ಕೂರುವ ಎರಡು ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ಕೊನೆಯ ಪ್ರಶ್ನೆ ವಿಜ್ಞಾನದ್ದಲ್ಲ ಎನಿಸಬಹುದು, ಆದರೆ ಎರಡನೇ ಡೋಸ್ ಬೀಳುತ್ತದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಅದೇ.

ಅಲ್ಲಿಯವರೆಗೆ ಕೈಯಲ್ಲಿರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಆರೋಗ್ಯ ಇಲಾಖೆಯವರು ಹಂಚುತ್ತಾರೆ. ತುಂಬು ತೋಳಿನ ಬಟ್ಟೆ ಹಾಕಿ. ಬಂದ ತಕ್ಷಣ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟ, ಮಂಡಿಯ ಹಿಂದೆ ಕೈಯಾಡಿಸಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಫೋನ್ ಮಾಡಿ. ಡಿಸೆಂಬರ್‌ನಿಂದ ಮೇ ನಡುವೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಅವರು ಕೇಳುವ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.